ನಿಂತವನ ಗುಡ್ಡ

ನಮ್ಮ ಊರಿನಿಂದ ಮೂಡಣಕ್ಕೆ ಎರಡು ಹರದಾರಿ ನಡೆದರೆ ನಿಂತವನ ಗುಡ್ಡ ಸಿಗುತ್ತದೆ. ಹೇಳಿಕೊಳ್ಳುವಂಥ ಮರವಿಲ್ಲ; ಬರೀ ಬಂಡೆ, ಬಂಡೆಯ ಸಂದಿಯಲ್ಲಿ ಕಾರೆಮುಳ್ಳು. ತುದಿಯಲ್ಲಿ ಮೂರಾಳೆತ್ತರದ ಒಂಟಿ ಕಲ್ಲುಕಂಬ, ಅದರ ಬುಡಕ್ಕೆ ಬಂಡೆಯೇ ಬಟ್ಟಲಾದಂಥ ಒಂದು ದೊಣೆ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯ ಕೊನೆಯ ತನಕ ಅದರಲ್ಲಿ ನಿಲ್ಲುತ್ತದೆ. ಶಿವರಾತ್ರಿ ಕಳೆದ ಮೇಲೆ ಕೆಳಗಿನ ಕುರಿಹಟ್ಟಿಗೆ ಇರುವ ನೀರು ಅದೊಂದೇ. ಗುಡ್ಡದ ಬುಡದಲ್ಲಿ ಹಳದಿ ಬಣ್ಣದ ಹಲಗೆಯೊಂದನ್ನು ನೆಟ್ಟಿದ್ದಾರೆ. ಯಾರೋ ಮಹರ್ಷಿಯೊಬ್ಬರು ಇಲ್ಲಿ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದ್ದರಿಂದ ಈ ಹೆಸರು ಬಂತೆಂದು ಅದರಲ್ಲಿ ಬರೆದಿದೆ. ಹಲಗೆ ಬರೆಸಿದವರು ಗುಡ್ಡ ಹತ್ತಿದವರಲ್ಲ, ಹಟ್ಟಿಯಲ್ಲಿ ಕೇಳಿದವರೂ ಅಲ್ಲ. ಮಹರ್ಷಿಗಳಿಗೆ ನಮ್ಮ ಸೀಮೆಯ ಬಿಸಿಲು ತಡೆಯುತ್ತಿತ್ತೋ ಇಲ್ಲವೋ, ನಾನರಿಯೆ. ಇಲ್ಲಿ ನಿಂತವನು ಬೇರೆ. ಅವನು ನಿಂತದ್ದು ತಪಸ್ಸಿಗಲ್ಲ, ಸೊಕ್ಕಿಗೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಸೂರಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ನೆರೆಯ ಪಾಳೆಯದವನು ಏಳು ನೆಲೆಯ ಗೋಪುರ ಕಟ್ಟಿಸಿದಾಗಿನಿಂದ ಇವನಿಗೆ ನಿದ್ದೆ ಬಂದಿರಲಿಲ್ಲ. ಅಂಥ ಹೊತ್ತಿಗೆ ಸರಿಯಾಗಿ ಅವನ ಚಾವಡಿಗೆ ತ್ರಿವಿಕ್ರಮ ಜೋಯಿಸನೆಂಬ ವಿದ್ವಾಂಸ ಬಂದ. ಗುಡ್ಡದ ತುದಿಯಲ್ಲಿ ಹನ್ನೆರಡು ಮೊಳದ ಕಂಬಗಳನ್ನು ನಿಲ್ಲಿಸಿ, ನಡುವೆ ಮೆಟ್ಟಿಲುಗಟ್ಟೆ ಕಟ್ಟಿ, ಅದರ ಮೇಲಿಂದ ಗ್ರಹ ನಕ್ಷತ್ರಗಳನ್ನು ಅಳೆಯಬಹುದೆಂದೂ, ಅಂಥ ಯಂತ್ರಕಟ್ಟೆ ಐವತ್ತಾರು ದೇಶದಲ್ಲೆಲ್ಲೂ ಇಲ್ಲವೆಂದೂ, ಸೂರ್ಯಚಂದ್ರರಿರುವ ತನಕ ನಾಯಕನ ಹೆಸರು ಉಳಿಯುವುದೆಂದೂ ಹೇಳಿದ. ನಾಯಕನಿಗೆ ನಕ್ಷತ್ರದ ಗೋಜು ತಿಳಿಯಲಿಲ್ಲ, ಹೆಸರಿನ ಮಾತು ಮಾತ್ರ ಚೆನ್ನಾಗಿ ತಿಳಿಯಿತು. ಆಕಾಶ ನೋಡುವುದಕ್ಕೆ ನೂಕುನುಗ್ಗಲೇ ಎಂಬ ಗಾದೆ ಆಗಲೂ ಇದ್ದಿರಬೇಕು, ಆದರೆ ಚಾವಡಿಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಕಟ್ಟೆಗೆ ಬೇಕಾದ ಸಮನೆಲ ತುದಿಯಲ್ಲಿ ಒಂದೇ ಕಡೆ ಇತ್ತು, ಅದರ ನಟ್ಟನಡುವೆ ದೊಣೆ ಇತ್ತು. ಕಲ್ಲು ತುಂಬಿ ಅದನ್ನು ಮುಚ್ಚಿದರಾಯಿತು ಎಂದ ಜೋಯಿಸ. ಗುಂಡಿ ಮುಚ್ಚುವುದು ಅವನಿಗೆ ಅಷ್ಟು ಸಣ್ಣ ಮಾತಾಗಿತ್ತು.

ಹಟ್ಟಿಯವರಿಗೆ ಒಂದು ಮಾತು ತಿಳಿಸಿ ಬನ್ನಿ ಎಂದು ನಾಯಕ ಅವನನ್ನು ಪಲ್ಲಕ್ಕಿಯಲ್ಲಿ ಕಳಿಸಿದ. ಹಟ್ಟಿಗೆ ಹಿರಿಯಳಾಗಿದ್ದವಳು ಮಾಳವ್ವ ಎಂಬ ಮುದುಕಿ. ಆ ಕುರುಬರಲ್ಲಿ ಒಂದು ಕಟ್ಟಳೆಯುಂಟು. ಯಾವ ಮಾತುಕತೆಯಾದರೂ ಕರಿಕಂಬಳಿ ಹಾಸಿ, ಅದರ ಮೇಲೆ ಇಬ್ಬರೂ ಕೂತೇ ಆಡಬೇಕು. ಕೂತವನು ಮಾತು ಮುಗಿಯುವ ತನಕ ಏಳುವಂತಿಲ್ಲ. ಎದ್ದ ಮೇಲೆ ಕಂಬಳಿ ಹಾಸಿದವರಿಗೆ ಕೇಡು ಬಗೆಯುವಂತಿಲ್ಲ. ನಿಂತು ಆಡಿದ್ದನ್ನು ಅವರು ಮಾತೆಂದೇ ಎಣಿಸುವುದಿಲ್ಲ, ಅದಕ್ಕೆ ಉತ್ತರವನ್ನೂ ಕೊಡುವುದಿಲ್ಲ. ಮಾಳವ್ವ ತನ್ನ ಮದುವೆಯ ಕಂಬಳಿಯನ್ನೇ ತಂದು ಹಾಸಿದಳು. ಜೋಯಿಸ ಅದನ್ನು ನೋಡಿ ಮೂಗಿಗೆ ಉತ್ತರೀಯ ಹಿಡಿದ. ಕುರಿಯ ವಾಸನೆ ತನ್ನ ಪಟ್ಟೆಮಡಿಗೆ ಹತ್ತಿದರೆ ಏಳು ಸಲ ಒಗೆಸಿದರೂ ಹೋಗದೆಂದು ಪಲ್ಲಕ್ಕಿ ಹೊತ್ತ ಬೋಯಿಗಳಿಗೆ ಕೇಳುವಂತೆ ಅಂದ. ನಿಂತಲ್ಲೇ ನಿಂತು ಯಂತ್ರದ ಮಹಿಮೆಯನ್ನು ಶ್ಲೋಕಸಮೇತ ವಿವರಿಸಿದ. ಹಟ್ಟಿಗೆ ಹಟ್ಟಿಯೇ ತುಟಿ ಬಿಚ್ಚಲಿಲ್ಲ. ಒಬ್ಬರೂ ಚಕಾರವೆತ್ತಲಿಲ್ಲ, ಮೌನವೇ ಸಮ್ಮತಿಯೆಂದು ಶಾಸ್ತ್ರವೇ ಹೇಳಿದೆ ಎಂದು ಅವನು ನಾಯಕನಿಗೆ ವರದಿ ಒಪ್ಪಿಸಿದ. ಓದು ಹೆಚ್ಚಾದವರಿಗೆ ಕಿವಿ ಮಂದವಾಗುತ್ತದೆ ಎಂದು ಹಟ್ಟಿಯವರು ಇವತ್ತಿಗೂ ಹೇಳುವುದುಂಟು. ನಾನೂ ಅಷ್ಟಿಷ್ಟು ಓದಿದವನೇ, ಆದರೂ ಇಲ್ಲವೆನ್ನಲಾರೆ.

ಕಲ್ಲುಕೆಲಸದವರು ಬಂದರು, ಮೊದಲ ಕಂಬ ಎದ್ದಿತು. ಎರಡನೆಯದಕ್ಕೆ ಮುಂಚೆ ದೊಣೆ ಮುಚ್ಚಬೇಕಿತ್ತು. ಅಂದು ಬೆಳಗ್ಗೆ ಗುಡ್ಡ ಹತ್ತುವ ದಾರಿಯ ಉದ್ದಕ್ಕೂ ಹಟ್ಟಿಯವರು ಕಂಬಳಿ ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಹತ್ತಿ ಬಂದವರನ್ನೆಲ್ಲ ಕೂತುಕೊಳ್ಳಿ ಎಂದು ಕರೆದರು, ಅಷ್ಟೆ. ಕಲ್ಲುಕೆಲಸದವರು ದುಡಿದು ತಿನ್ನುವ ಜನ, ಕರೆದ ಕಡೆ ಕೂತು ಅಭ್ಯಾಸವಿದ್ದವರು. ಕೂತರು, ಕೊಟ್ಟ ಅಂಬಲಿ ಕುಡಿದರು, ದೊಣೆ ಮುಚ್ಚಿದರೆ ಮುನ್ನೂರು ಕುರಿ ಎಲ್ಲಿ ನೀರು ಕುಡಿಯಬೇಕೆಂಬ ಹಟ್ಟಿಯವರ ಮಾತನ್ನು ಕೇಳಿದರು. ಮಾತು ಮುಗಿದ ಮೇಲೆ ಸುತ್ತಿಗೆ ಉಳಿಗಳನ್ನು ಕಟ್ಟಿಕೊಂಡು ಊರಿನ ದಾರಿ ಹಿಡಿದರು. ಮಾರನೆಯ ದಿನ ಸುಣ್ಣ ಹೊರುವವರು ಬಂದರು, ಅವರೂ ಕೂತರು. ಮೂರನೆಯ ದಿನ ಹೆದರಿಸಲೆಂದು ನಾಯಕನ ಬಂಟರು ಬಂದರು. ಅವರು ಕೂತದ್ದಷ್ಟೇ ಅಲ್ಲ, ಇನ್ನೊಂದು ಸೇರು ಅಂಬಲಿ ಕೇಳಿದರಂತೆ.

ಆಗ ನಾಯಕ ತಾನೇ ಕುದುರೆ ಏರಿ ಬಂದ, ಹಿಂದೆ ಪಲ್ಲಕ್ಕಿಯಲ್ಲಿ ಜೋಯಿಸ. ಅರ್ಧ ಗುಡ್ಡಕ್ಕೇ ಕುದುರೆ ನಿಂತುಬಿಟ್ಟಿತು. ಉಳಿದದ್ದನ್ನು ನಡೆದು ಹತ್ತಿ ತುದಿ ಮುಟ್ಟುವಷ್ಟರಲ್ಲಿ ನಾಯಕನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ದೊಣೆಯ ಪಕ್ಕದಲ್ಲಿ ಮಾಳವ್ವ ಅದೇ ಮದುವೆಯ ಕಂಬಳಿ ಹಾಸಿ ಕೂತಿದ್ದಳು. ನಾಯಕನ ಕಣ್ಣು ಅದರ ಮೇಲೆ ಬಿತ್ತು. ಅವನ ಮುತ್ತಾತನಿಗೆ ಪಾಳೆಯಗಾರಿಕೆಯ ಪಟ್ಟ ಕಟ್ಟಿದ್ದು ಇಂಥದೇ ಕರಿಕಂಬಳಿಯ ಮೇಲೆ ಕೂರಿಸಿ. ಏಳು ನೆಲೆಯ ಗೋಪುರದ ಹೊಟ್ಟೆಕಿಚ್ಚಿನಲ್ಲಿ ಅದು ಮರೆತುಹೋಗಿತ್ತು. ಕೆರ ಬಿಟ್ಟು ಕೂತ. ಮಾಳವ್ವ ದೊಣೆಯಿಂದ ಒಂದು ಸೋರೆಬುರುಡೆ ನೀರು ತುಂಬಿ ಅವನ ಮುಂದಿಟ್ಟಳು.

“ಚುಕ್ಕಿ ನೋಡಬ್ಯಾಡ ಅಂತ ನಾವು ಅಡ್ಡ ಬಂದಿಲ್ಲ ನನ್ನಪ್ಪಾ,” ಎಂದಳು. “ನಮ್ಮ ಕುರಿ ಕಾಯೋರು ಹುಟ್ಟಿದಾಗಿಂದ ನೋಡ್ತಾನೇ ಅವ್ರೆ. ನೀರು ಮುಚ್ಚಿ ನೋಡಬ್ಯಾಡ ಅಂತೀವಿ. ಮುಚ್ಚಲೇಬೇಕು ಅಂದ್ರೆ, ಇದನ್ನ ಕುಡಿದು ಆಮ್ಯಾಕೆ ಮುಚ್ಚು.”

ನಾಯಕ ಬುರುಡೆ ಎತ್ತಿ ಒಂದೇ ಉಸಿರಿಗೆ ಕುಡಿದ. ಬರಿದಾದ ಬುರುಡೆಯನ್ನು ಮಾಳವ್ವನ ಮುಂದಿಟ್ಟ. ಜೋಯಿಸರೇ, ನೀವೂ ಕೂತು ಹೇಳಿ ಎಂದು ತಿರುಗಿದ. ಜೋಯಿಸ ಉತ್ತರೀಯವನ್ನು ಮೂಗಿನಿಂದ ತೆಗೆಯಲಿಲ್ಲ. ತನ್ನ ವಿದ್ಯೆ ನೆಲಕ್ಕೆ ಕೂರುವಂಥದ್ದಲ್ಲ ಎಂದು ಕಂಬಕ್ಕೆ ಒರಗಿ ನಿಂತ. ನಾಯಕ ದೊಣೆ ಮುಚ್ಚುವ ಮಾತನ್ನು ಅಲ್ಲಿಗೇ ಬಿಟ್ಟು, ಎದ್ದು ಕೆರ ಮೆಟ್ಟಿ ಗುಡ್ಡ ಇಳಿದುಹೋದ. ಜೋಯಿಸ ಪಲ್ಲಕ್ಕಿ ತರಲು ಕೂಗಿದ. ಅವನನ್ನು ತುದಿಯಲ್ಲಿ ಇಳಿಸಿ ಹೋದ ಬೋಯಿಗಳು ದಾರಿಯ ಕಂಬಳಿಯ ಮೇಲೆ ಕೂತಿದ್ದರು, ಅವರ ಮಾತು ಇನ್ನೂ ಮುಗಿದಿರಲಿಲ್ಲ. ಬಂಡೆ ಕಾದು ಕೆಂಡವಾಗಿತ್ತು. ಕೂರಲು ಮನಸ್ಸಿಲ್ಲ, ನಡೆದು ರೂಢಿಯಿಲ್ಲ. ಹೊತ್ತು ಇಳಿಯುವ ತನಕ ಕಂಬದ ನೆರಳು ಸರಿದತ್ತ ತಾನೂ ಸರಿಯುತ್ತ ನಿಂತೇ ಇದ್ದ ಎನ್ನುತ್ತಾರೆ. ಆಮೇಲೆ ಎಲ್ಲಿಗೆ ಹೋದನೋ ಯಾರೂ ವಿಚಾರಿಸಲಿಲ್ಲ. ಅವನೇ ಕಲ್ಲಾದ ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ, ಕಲ್ಲು ಅಷ್ಟು ಕೀಳಲ್ಲ.

ಹೋದ ಮಾಘದಲ್ಲಿ ನಾಲ್ಕು ಜೀಪು ಬಂದವು. ನಮ್ಮ ಗುಡ್ಡದ ಮೇಲಿನ ಆಕಾಶ ಬಹಳ ಶುಭ್ರವಾಗಿದೆಯಂತೆ, ತುದಿಯಲ್ಲಿ ಭಾರಿ ಟೆಲಿಸ್ಕೋಪು ಕೂರಿಸುತ್ತಾರಂತೆ. ಹಟ್ಟಿಯ ಹಿರಿಯ ಮೈಲಜ್ಜ ಕಂಬಳಿ ಹಾಸಿದ. ಬಂದವರು ಬೂಟು ಬಿಚ್ಚುವ ಗೋಜಿಗೆ ಹೋಗದೆ, ಜೀಪಿನ ಮೂತಿಯ ಮೇಲೆ ನಕ್ಷೆ ಹರವಿ, ನಿಂತೇ ಒಂದು ತಾಸು ವಿವರಿಸಿದರು. ಹಟ್ಟಿಯವರು ಒಂದು ಮಾತೂ ಆಡಲಿಲ್ಲ. ಸ್ಥಳೀಯರಿಂದ ಯಾವುದೇ ಆಕ್ಷೇಪಣೆ ಬಂದಿಲ್ಲ ಎಂದು ಬರೆದ ಕಾಗದದ ನಕಲು ಪಂಚಾಯಿತಿಯ ಗೋಡೆಯ ಮೇಲಿದೆ, ನಾನೇ ಓದಿದ್ದೇನೆ. ಇಷ್ಟು ವರ್ಷವಾದರೂ ವಿದ್ವಾಂಸರಿಗೆ ಹೊಸ ತಪ್ಪೊಂದು ಹೊಳೆಯಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಯಾಕೆ ಸುಮ್ಮನಿದ್ದೆ ಎಂದು ಮೈಲಜ್ಜನನ್ನು ಕೇಳಿದೆ. “ಅವ್ರಿನ್ನೂ ಮಾತೇ ಆಡಿಲ್ವಲ್ಲ ಮೇಷ್ಟ್ರೇ,” ಎಂದ.

ಈಗ ಗುಡ್ಡ ಹತ್ತಿದವರಿಗೆ ಕಂಬದ ಸುತ್ತ ಜೀಪಿನವರು ಸುಣ್ಣದಲ್ಲಿ ಎಳೆದ ದೊಡ್ಡದೊಂದು ವೃತ್ತ ಕಾಣುತ್ತದೆ. ದೊಣೆ ಅದರ ಒಳಗಿದೆ. ಸಂಜೆ ಕುರಿಗಳು ಆ ಗೆರೆಯನ್ನು ತುಳಿದು ದಾಟಿ ನೀರು ಕುಡಿಯುತ್ತವೆ. ಕೆಳಗೆ, ದಾರಿ ಶುರುವಾಗುವಲ್ಲಿ, ಮೈಲಜ್ಜ ದಿನವೂ ಬೆಳಗ್ಗೆ ಬಂದು ಕಂಬಳಿ ಹಾಸಿ ಪಕ್ಕದಲ್ಲಿ ಅಂಬಲಿಯ ಗಡಿಗೆ ಇಟ್ಟುಕೊಂಡು ಕೂರುತ್ತಾನೆ. ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂರುತ್ತಾನೆ.