ಎಲ್ಲಿ ಹಾಳಾಗಿ ಹೋದೆ?

"ಅಜ್ಜಾ, ಮುಸ್ಸಂಜೆಯಲ್ಲಿ ಆಡಿದ ಕೆಟ್ಟ ಮಾತು ತಟ್ಟಿಯೇ ತೀರುತ್ತದಂತೆ, ನಿಜವೇ?" ಎಂದು ಕೊಟ್ರಯ್ಯ ಕೇಳಿದ.

ಹೊಳೆದಂಡೆಯ ಆ ಮಠದಲ್ಲಿ ಗುರುವನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅಜ್ಜ ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದರು. "ಯಾರು ಆಡಿದರು, ಯಾರಿಗೆ ಆಡಿದರು, ಅದನ್ನು ಮೊದಲು ಹೇಳು" ಎಂದರು.

ಕೊಟ್ರಯ್ಯ ಹೇಳಿದ. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅವಳಿಗೆ ಒಂದು ಮಾತೂ ಹೇಳದೆ ಅವನು ಬಂದು ಮಠ ಸೇರಿದ್ದ. ಮೊನ್ನೆ ಊರ ಕಡೆಯ ಬಳೆಗಾರನೊಬ್ಬ ಇತ್ತ ಬಂದು ಸುದ್ದಿ ಹೇಳಿ ಹೋಗಿದ್ದ. ಅಕ್ಕ ದಿನಾ ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದು ನಿಂತು, "ಎಲ್ಲಿ ಹಾಳಾಗಿ ಹೋದನೋ ಶನಿ" ಎಂದು ಬೈಯುತ್ತಾಳಂತೆ. ಅದನ್ನು ಕೇಳಿದ ಮೇಲೆ ಕೊಟ್ರಯ್ಯನಿಗೆ ಧ್ಯಾನ ನಿಲ್ಲುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಬಾಗಿಲೇ ಕಾಣುತ್ತಿತ್ತು.

"ಸಾಕಿದವಳ ಬಾಯಿ, ಅಜ್ಜಾ. ತಟ್ಟಿದರೆ ಮಾಡಿದ ಸಾಧನೆಯೆಲ್ಲ ಮಣ್ಣುಪಾಲು. ಶಾಪ ಕಳೆಯುವ ಮಂತ್ರವೊಂದು ಕೊಡಿ" ಎಂದ.

"ಮಂತ್ರ ಎಲ್ಲಿಗೆ ಓಡಿಹೋಗುತ್ತದೆ? ಮೊದಲು ಈ ಕತೆ ಕೇಳು" ಎಂದು ಅಜ್ಜ ಶುರು ಮಾಡಿದರು.

ಒಂದು ಹೊಳೆ. ಹೊಳೆಗೊಬ್ಬ ಅಂಬಿಗಿತ್ತಿ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವಳ ಕಸುಬು. ಕೈ ಚೊಕ್ಕ, ಮನಸ್ಸು ಚೊಕ್ಕ, ಬಾಯಿ ಮಾತ್ರ ಶಿವಶಿವಾ! ಹೊಳೆಯನ್ನು ಹಾಳು ಹೊಳೆ ಅನ್ನುವಳು. ಹುಟ್ಟುಗೋಲನ್ನು ದರಿದ್ರ ಕೋಲು ಅನ್ನುವಳು. ಒಲೆ ಹೊಗೆಯಾಡಿದರೆ ಅದು ಸುಡುಗಾಡು ಒಲೆ. ನಗಬೇಡ, ಎಲ್ಲರ ಮನೆಯ ದೋಸೆಯೂ ತೂತೇ. ಅವಳು ಹಾಗೆ ಅಂದಳೆಂದು ಹೊಳೆ ಬತ್ತಲಿಲ್ಲ, ಕೋಲು ಮುರಿಯಲಿಲ್ಲ, ಒಲೆ ಅನ್ನ ಬೇಯಿಸುವುದನ್ನು ಬಿಡಲಿಲ್ಲ.

ಅವಳಿಗೆ ಒಬ್ಬಳೇ ಮಗಳು. ತೊಟ್ಟಿಲಲ್ಲಿ ಸಿರಿಗೌರಿ ಎಂದು ಹೆಸರಿಟ್ಟಿದ್ದಳು. ಆ ಹೆಸರು ತೊಟ್ಟಿಲಲ್ಲೇ ಉಳಿಯಿತು. ಹೊತ್ತು ಮುಳುಗಿತೋ, ದಂಡೆಯ ಮೇಲೆ ನಿಂತು, "ಎಲ್ಲಿ ಹಾಳಾಗಿ ಹೋದೆಯೇ ಪೀಡೇ" ಎಂದು ಕೂಗುವಳು. ಮಗಳು ಎಲ್ಲಿದ್ದರೂ ಓಡಿ ಬಂದು ಸೆರಗು ಹಿಡಿಯುವಳು. ಇದರಲ್ಲಿ ಅವರಿಬ್ಬರಿಗೂ ವಿಶೇಷವೇನೂ ಕಾಣಲಿಲ್ಲ.

ಒಂದು ಸಂಜೆ ಹರಿಗೋಲಿನಿಂದ ಇಳಿಯುತ್ತಿದ್ದ ಶಾಸ್ತ್ರಿಯೊಬ್ಬ ಈ ಕೂಗು ಕೇಳಿ ಕಿವಿ ಮುಚ್ಚಿಕೊಂಡ.

"ಬಿಡ್ತು ಅನ್ನು, ಬಿಡ್ತು ಅನ್ನು! ಅಸ್ತು ದೇವತೆಗಳು ತಿರುಗಾಡುವ ಹೊತ್ತು ಇದು. ನೀನು ಹಾಳು ಅಂದಾಗ ಅವರು ಅಸ್ತು ಅಂದುಬಿಟ್ಟರೆ, ಆಮೇಲೆ ಬಾಯಿ ಬಾಯಿ ಬಡಿದುಕೊಂಡರೂ ಬಂದೀತೇ?"

"ಬಿಡ್ತು ಸ್ವಾಮಿ, ಬಿಡ್ತು" ಎಂದಳು ಅಂಬಿಗಿತ್ತಿ. ಇಷ್ಟು ವರ್ಷ ಆಡಿದ ಮಾತಿಗೆಲ್ಲ ಎಷ್ಟು ಸಲ ಬಿಡ್ತು ಅನ್ನುವುದು ಎಂದು ರಾತ್ರಿಯಿಡೀ ಹೊರಳಾಡಿದಳು.

ಮರುದಿನದಿಂದ ಅವಳ ಬಾಯಿ ಬದಲಾಯಿತು. ಹೊಳೆ ಗಂಗಮ್ಮನಾಯಿತು. ಒಲೆ ಅನ್ನಪೂರ್ಣೆಯಾಯಿತು. ಮಗಳನ್ನು, "ಸಿರಿಗೌರೀ, ಬಾರಮ್ಮಾ" ಎಂದು ಕರೆದಳು. ಮಗಳು ಹಿಂದಕ್ಕೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದಳೇನೋ ಎಂದು. ಆಮೇಲೆ ತಾಯಿಯ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ಅವ್ವಾ, ನನ್ನ ಮೇಲೆ ಸಿಟ್ಟೇ?" ಎಂದಳು. "ಇಲ್ಲಮ್ಮಾ" ಎಂದಳು ತಾಯಿ. ಆ ಮೆತ್ತನೆಯ ಮಾತು ಕೇಳಿ ಮಗಳಿಗೆ ಅಳುವೇ ಬಂತು.

ಮಾಗಿಯ ಕಾಲ. ಹೊಳೆಯ ನೀರು ಇಳಿದಿತ್ತು. ಮಗಳು ಬಾರೆಹಣ್ಣಿನ ಆಸೆಗೆ ನೀರಲ್ಲೇ ನಡೆದು ನಡುಗಡ್ಡೆಗೆ ಹೋದಳು. ಹಣ್ಣು ಆರಿಸುತ್ತಿದ್ದ ಹಾಗೆ ಸಂಜೆಯಾಯಿತು, ಮಂಜು ಇಳಿಯಿತು. ದಂಡೆ ಮಾಯವಾಯಿತು. ನೀರು ಮಾಯವಾಯಿತು. ಕೈಯಲ್ಲಿದ್ದ ಹಣ್ಣು ಮಾತ್ರ ಉಳಿಯಿತು. ಯಾವ ಕಡೆ ಕಾಲಿಟ್ಟರೆ ದಂಡೆ, ಯಾವ ಕಡೆ ಕಾಲಿಟ್ಟರೆ ಮಡು, ಒಂದೂ ತಿಳಿಯದೆ ಅವಳು ಪೊದೆಯ ಹಿಂದೆ ಕುಕ್ಕರಿಸಿದಳು.

ಅಂಬಿಗಿತ್ತಿ ಹರಿಗೋಲು ಹತ್ತಿ ಹುಡುಕಲು ಹೊರಟಳು. "ಸಿರಿಗೌರೀ, ಬಾರಮ್ಮಾ. ಬಾ ನನ್ನ ಬಂಗಾರಾ" ಎಂದು ಕರೆಯುತ್ತ ಬಂದಳು.

ಮಗಳಿಗೆ ಆ ದನಿ ಕೇಳಿಸಿತು. ಕೇಳಿ ಮೈ ಜುಮ್ಮೆಂದಿತು. ಹೊಳೆದಂಡೆಯ ಮಕ್ಕಳಿಗೆಲ್ಲ ಗೊತ್ತಿರುವ ಮಾತು ಒಂದಿದೆ. ಕತ್ತಲಾಗುವಾಗ ನೀರಿನ ಕಡೆಯಿಂದ ಯಾರಾದರೂ ಹೆಸರು ಹಿಡಿದು ಇಂಪಾಗಿ ಕರೆದರೆ ಓಗೊಡಬಾರದು, ಅದು ಮನುಷ್ಯರ ದನಿಯಲ್ಲ. ಈ ಬುದ್ಧಿ ಹೇಳಿಕೊಟ್ಟವಳೂ ತಾಯಿಯೇ. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹರಿಗೋಲು ಪೊದೆಯ ಪಕ್ಕದಲ್ಲೇ ಹಾದುಹೋಯಿತು. ಸುತ್ತು ಹಾಕಿ ಮತ್ತೆ ಬಂತು, ಮತ್ತೆ ಹೋಯಿತು. ತಾಯಿ ಕರೆದಷ್ಟೂ ಇಂಪಾಗಿ ಕರೆದಳು. ಮಗಳು ಅಷ್ಟಷ್ಟೂ ಬಿಗಿಯಾಗಿ ಬಾಯಿ ಮುಚ್ಚಿದಳು.

ಕೊನೆಗೆ ಬೆಲ್ಲದ ಮಾತೆಲ್ಲ ಮುಗಿಯಿತು, ಹೊಟ್ಟೆಯ ಸಂಕಟ ಉಳಿಯಿತು. ಅದು ತನ್ನ ಹಳೆಯ ದಾರಿ ಹಿಡಿದೇ ಬಾಯಿಗೆ ಬಂತು.

"ಎಲ್ಲಿ ಹಾಳಾಗಿ ಹೋದೆಯೇ ಪೀಡೇ!"

ಕೂಗಿದ್ದೇ ತಡ, ಅವಳು ನಾಲಿಗೆ ಕಚ್ಚಿಕೊಂಡಳು. ಬಿಡ್ತು ಅನ್ನಲೂ ಹೊತ್ತಿರಲಿಲ್ಲ. ಮೇಲೆ ಮಂಜಿನಲ್ಲಿ ಒಬ್ಬ ಅಸ್ತು ದೇವತೆ ನಿಜವಾಗಿಯೂ ಸುಳಿಯುತ್ತಿದ್ದ. ಅಭ್ಯಾಸದ ಮೇಲೆ ಅವನು ಬಾಯಿ ತೆರೆದ. ತೆರೆದವನು ಹಾಗೇ ನಿಂತ. ಪಾಪ, ಅವನಿಗೆ ಬರುವುದು ಒಂದೇ ಮಾತು. ಬೇಡಿದ್ದಕ್ಕೆ ಅಸ್ತು ಅನ್ನಬಹುದು, ಶಪಿಸಿದ್ದಕ್ಕೂ ಅನ್ನಬಹುದು. ಎಲ್ಲಿ ಎಂದು ಕೇಳಿದ್ದಕ್ಕೆ ಅಸ್ತು ಅನ್ನುವುದು ಹೇಗೆ, ಮಾರಾಯ? ಎಲ್ಲಿ ಅಂದರೆ ಉತ್ತರ ಬೇಕು. ಅದು ಅವನ ಬಳಿ ಇರಲಿಲ್ಲ.

ಉತ್ತರ ಪೊದೆಯ ಹಿಂದಿನಿಂದ ಬಂತು.

"ಇಲ್ಲೇ ಇದೀನಿ ಅವ್ವಾ!"

ಅಂಬಿಗಿತ್ತಿ ಮಗಳನ್ನು ಹರಿಗೋಲಿಗೆ ಎತ್ತಿಕೊಂಡಳು. ದಂಡೆ ಮುಟ್ಟುವವರೆಗೂ ಅಳುತ್ತ ಬೈದಳು. ಮಗಳು ಅವಳ ಕಾಲಿಗೆ ಆತು ಕುಳಿತು ಬಾರೆಹಣ್ಣು ತಿನ್ನುತ್ತ, ಆ ಬೈಗುಳವನ್ನೆಲ್ಲ ಸುಖವಾಗಿ ಕೇಳಿಸಿಕೊಂಡಳು.

ಅಜ್ಜ ಕತೆ ನಿಲ್ಲಿಸಿದರು. ಹೊರಗೆ ಹೊತ್ತು ಮುಳುಗುತ್ತಿತ್ತು. ಹೊಸೆದ ಬತ್ತಿಯನ್ನು ಹಣತೆಗಿಟ್ಟು ದೀಪ ಹಚ್ಚಿದರು. ಕೊಟ್ರಯ್ಯ, "ಮಂತ್ರ, ಅಜ್ಜಾ?" ಎಂದ.

"ಹೊಳೆಯ ಕೂಸು ಓಗೊಟ್ಟಿತು ತಮ್ಮಾ, ನೀನು ಮಂತ್ರ ಕೇಳುತ್ತಿದ್ದೀಯ" ಎಂದರು ಅಜ್ಜ.

ಕೊಟ್ರಯ್ಯ ಎದ್ದು ಅಕ್ಕನ ಊರಿನ ದಾರಿ ಹಿಡಿದ.