ಚಂಪಾಳಿಗೆ ಶೂ ತಂದದ್ದು

ನದಿಯ ದಡದ ಆಶ್ರಮವೊಂದರಲ್ಲಿ ಅಡುಗೆ ಮಾಡುತ್ತಿದ್ದ ತುಂಗಮ್ಮನಿಗೆ ಚಂಪಾ ಎಂಬ ಆರು ವರ್ಷದ ಮಗಳಿದ್ದಳು. ಬರುವ ಸೋಮವಾರ ಅವಳು ಶಾಲೆಗೆ ಸೇರಬೇಕಿತ್ತು.

ಶಾಲೆಗೆ ಎರಡು ಮೈಲಿ ನಡೆಯಬೇಕು. ಕಪ್ಪು ಶೂ, ಬಿಳಿ ಕಾಲುಚೀಲ ಇಲ್ಲದವರನ್ನು ತರಗತಿಯೊಳಗೆ ಬಿಡುವುದಿಲ್ಲ. ಅದು ಒಳ್ಳೆಯ ನಿಯಮ. ಯಾರೂ ತಕರಾರು ಮಾಡಲಿಲ್ಲ.

ಆದರೆ ಹಿಂದಿನ ವರ್ಷ ತೋಟದವನ ಮಗಳಿಗೆ ಹೊಸ ಶೂ ಕಚ್ಚಿ ಹಿಮ್ಮಡಿ ಹುಣ್ಣಾಗಿತ್ತು. ಮೂರು ವಾರ ಮನೆಯಲ್ಲಿ ಉಳಿದವಳು ಆಮೇಲೆ ಶಾಲೆಯ ಕಡೆ ತಲೆ ಹಾಕಲೇ ಇಲ್ಲ. ತುಂಗಮ್ಮ ಗುರುಗಳ ಬಳಿ ಬಂದು, ತನ್ನ ಮಗಳಿಗೆ ಹಾಗಾಗಬಾರದು ಎಂದಳು.

ಗುರುಗಳು ಶಿಷ್ಯ ವಿಶ್ವಂಭರನನ್ನು ಕರೆದು, ಮಗುವಿಗೆ ಸರಿಹೊಂದುವ ಶೂ ತರಲು ಹೇಳಿದರು.

ವಿಶ್ವಂಭರ ಹನ್ನೆರಡು ವರ್ಷ ಶಾಸ್ತ್ರ ಓದಿದವನು. ಇಂಥ ಕೆಲಸಕ್ಕೆ ಬೇರೆ ಯಾರಾದರೂ ಸಾಕಲ್ಲವೇ ಎಂದು ಕೇಳಿದ.

"ಸಾಕು," ಎಂದರು ಗುರುಗಳು. "ಅವರು ಮೊದಲ ಸಲಕ್ಕೇ ಸರಿಯಾದದ್ದನ್ನು ತರುತ್ತಾರೆ. ಅದಕ್ಕೇ ನಿನ್ನನ್ನು ಕಳಿಸುತ್ತಿದ್ದೇನೆ."

ಗುರುವಾರ ಬೆಳಿಗ್ಗೆ ಚಂಪಾ ಅಡುಗೆಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವಿಶ್ವಂಭರ ಪೊರಕೆಯ ಕಡ್ಡಿಯೊಂದನ್ನು ಅವಳ ಪಾದಕ್ಕೆ ಹಿಡಿದು, ಅಷ್ಟಕ್ಕೆ ಮುರಿದುಕೊಂಡು ಪೇಟೆಗೆ ಹೋದ. ಕಡ್ಡಿಗಿಂತ ಎರಡು ಬೆರಳು ಉದ್ದದ ಶೂ ಆರಿಸಿದ. ಎರಡು ವರ್ಷ ಬಾಳಲಿ ಎಂಬುದು ಅವನ ಲೆಕ್ಕ.

ಗುರುಗಳು ಶೂ ಕೈಗೆತ್ತಿಕೊಂಡು ಕೇಳಿದರು. "ಇದು ಯಾರದು?"

"ಚಂಪಾಳದು."

"ಯಾವ ಚಂಪಾಳದು?"

"ಆಶ್ರಮದಲ್ಲಿ ಇರುವವಳು ಒಬ್ಬಳೇ ಚಂಪಾ, ಗುರುಗಳೇ."

"ಇದು ಎಂಟು ವರ್ಷದವಳದು. ಸೋಮವಾರ ಶಾಲೆಗೆ ಹೋಗುವವಳಿಗೆ ಆರು."

ಮುಂದೆ ಒಂದಿಷ್ಟು ಹತ್ತಿ ತುರುಕಿದರೆ ಸರಿಹೋಗುತ್ತದೆ ಎಂದ ವಿಶ್ವಂಭರ.

"ಶಾಲೆಗೆ ಸೇರುವುದು ಹತ್ತಿಯಲ್ಲ," ಎಂದರು ಗುರುಗಳು. "ನಾಳೆ ಮಗುವನ್ನೇ ಕರೆದುಕೊಂಡು ಹೋಗು."

ಶುಕ್ರವಾರ ಅಂಗಡಿಯಲ್ಲಿ ದೊಡ್ಡ ಶೂ ಹಿಂದಿರುಗಿಸಿದ ಮೇಲೆ ವಿಶ್ವಂಭರ ಯಾವ ಲೋಪಕ್ಕೂ ಎಡೆ ಕೊಡಲಿಲ್ಲ. ಕಾಲುಚೀಲ ಹಾಕಿಸಿದ. ಮಗುವನ್ನು ನಿಲ್ಲಿಸಿ ಎರಡೂ ಪಾದ ಅಳೆಸಿದ. ಎಡಗಾಲು ಒಂದು ಕೂದಲಷ್ಟು ದೊಡ್ಡದೆಂದು ಕಂಡು ಅದಕ್ಕೇ ಹೊಂದುವ ಶೂ ಕೇಳಿದ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇದೆಯೇ ಎಂದು ಒತ್ತಿ ನೋಡಿದ. ಮುಂತುದಿ ಚೂಪಾಗಿ, ಮುಖ ಕಾಣುವಷ್ಟು ಮಿರುಗುವ ಒಂದು ಜೊತೆ ಅವನಿಗೆ ಬಹಳ ಹಿಡಿಸಿತು. ಹೇಗಿದೆ ಎಂದು ಮಗುವನ್ನು ಕೇಳಿದ. ಚೆನ್ನಾಗಿದೆ ಸ್ವಾಮಿ ಎಂದಳು. ಮೂರು ಸಲ ಕೇಳಿದ. ಮೂರು ಸಲವೂ ಅದೇ ಉತ್ತರ.

ಸಂಜೆ ಇದನ್ನೆಲ್ಲ ಗುರುಗಳಿಗೆ ಒಪ್ಪಿಸಿ, ಈ ಬಾರಿ ತಪ್ಪಾಗುವ ಮಾತೇ ಇಲ್ಲ ಎಂದ.

ಗುರುಗಳು ಶೂವಿನ ವಿಷಯ ಎತ್ತಲಿಲ್ಲ. ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಅವಳ ಬಳಿ ಹೋಗಿ ಊಟಕ್ಕೆ ಬರುತ್ತಾಳೋ ಕೇಳಿಕೊಂಡು ಬಾ ಎಂದು ಚಂಪಾಳನ್ನು ಕಳಿಸಿದರು.

ಹೊಸ ಶೂ ಹಾಕಿಕೊಂಡಿದ್ದ ಚಂಪಾ ಜಗುಲಿಯ ಮೇಲೆ ನೆಟ್ಟಗೆ ನಡೆದಳು. ಮೆಟ್ಟಿಲು ಬಂದಾಗ ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಒಂದೊಂದೇ ಇಳಿಯತೊಡಗಿದಳು.

ವಿಶ್ವಂಭರ ಓಡಿಹೋಗಿ ಅವಳನ್ನು ಕೂರಿಸಿ ಶೂ ಬಿಚ್ಚಿದ. ಕಾಲುಚೀಲದೊಳಗೆ ಕಾಲ್ಬೆರಳುಗಳು ಕೆಂಪಾಗಿ ಒಂದರಡಿ ಒಂದು ಮಡಿಚಿಕೊಂಡಿದ್ದವು. ಬರಿಗಾಲಲ್ಲಿ ಬೆಳೆದ ಅಗಲ ಪಾದ ಅದು. ಅವನು ಅಳೆದದ್ದು ಉದ್ದವನ್ನು ಮಾತ್ರ.

"ನೋಯುತ್ತದೆ ಅಂತ ಯಾಕೆ ಹೇಳಲಿಲ್ಲ?"

ಚಂಪಾ ತಾಯಿಯಿದ್ದ ಕಡೆ ಒಮ್ಮೆ ನೋಡಿದಳು.

"ನಿಮಗೆ ಅದು ತುಂಬಾ ಇಷ್ಟ ಆಗಿತ್ತು. ಮೂರನೇ ಸಲ ಕೇಳುವಾಗ ನಿಮ್ಮ ಮುಖ ಒಂಥರಾ ಆಯ್ತು. ಬೇಡ ಅಂದ್ರೆ ಶೂನೇ ಕೊಡಿಸದೆ ಕರ್ಕೊಂಡು ಬಂದ್ಬಿಟ್ರೆ?"

ವಿಶ್ವಂಭರ ಶೂಗಳನ್ನು ಕೈಯಲ್ಲಿ ಹಿಡಿದು ಅವಳನ್ನು ಬರಿಗಾಲಲ್ಲೇ ಮೇಲಕ್ಕೆ ಕರೆತಂದ. ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟ. ಮರುದಿನ ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತ.

"ಕಡ್ಡಿಯನ್ನು ನಂಬಿದೆ, ತಪ್ಪಾಯಿತು. ಮಗುವಿನ ಮಾತನ್ನು ನಂಬಿದೆ, ಅದೂ ತಪ್ಪಾಯಿತು. ಇನ್ನು ಯಾವುದನ್ನು ನಂಬಲಿ?"

"ಅವಳ ಮಾತನ್ನೇ."

"ನಿನ್ನೆ ಮೂರು ಸಲ ಕೇಳಿದೆನಲ್ಲ."

"ಅವಳು 'ಬೇಡ' ಎನ್ನುವವರೆಗೆ ಯಾವುದನ್ನೂ ಕೊಳ್ಳಬೇಡ," ಎಂದರು ಗುರುಗಳು. ಆಮೇಲೆ ಕಣ್ಣು ಮುಚ್ಚಿ ಕುಳಿತರು.

ಅದೇ ಶನಿವಾರ ವಿಶ್ವಂಭರ, ಚಂಪಾ ಇಬ್ಬರೂ ಮತ್ತೆ ಪೇಟೆಗೆ ಹೋದರು. ಅಂಗಡಿಯವನು ಮಿರುಗುವ ಶೂಗಳ ಅಟ್ಟೆಯನ್ನು ತಿರುಗಿಸಿ ನೋಡಿ, ಒರೆಸಿ, ಗೊಣಗುತ್ತ ಹಿಂದಕ್ಕೆ ತೆಗೆದುಕೊಂಡ. ಸ್ವಾಮಿಗಳಿಗೆ ಮೋಕ್ಷ ಬೇಗ ಸಿಕ್ಕೀತು, ಶೂ ಸಿಗುವುದೇ ಕಷ್ಟ ಎಂದು ಪಕ್ಕದವನಿಗೆ ಕೇಳುವಂತೆಯೇ ಹೇಳಿದ.

ವಿಶ್ವಂಭರ ಚಂಪಾಳ ಕಾಲ ಬಳಿ ನೆಲದ ಮೇಲೆ ಕುಳಿತ. ಯಾವುದನ್ನೂ ಹೊಗಳಲಿಲ್ಲ. ಒಂದು ಜೊತೆ ಹಾಕಿಸಿ, ಅಂಗಡಿಯ ಮೆಟ್ಟಿಲು ಹತ್ತಿಳಿದು ಬಾ ಎಂದ. ಅವಳು ಹೋಗಿ ಬಂದು, ಚೆನ್ನಾಗಿದೆ ಎಂದಳು. ಅವನು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಇನ್ನೊಂದು ಹಾಕಿಸಿದ. ಅದೂ ಚೆನ್ನಾಗಿತ್ತು. ಅದನ್ನೂ ಬಿಚ್ಚಿದ.

ಮೂರನೆಯದನ್ನು ಹಾಕಿಕೊಂಡು ಅವಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಂತರ ಮೆಲ್ಲಗೆ, "ಇದು ಬೇಡ," ಎಂದಳು.

"ಆಗಲಿ," ಎಂದ ವಿಶ್ವಂಭರ. ನಾಲ್ಕನೆಯದನ್ನು ಕೇಳಿದ.

ಮಧ್ಯಾಹ್ನ ಚಂಪಾ ಅಗಲ ಮೂತಿಯ, ಮಿರುಗದ ಕಪ್ಪು ಶೂ ಹಾಕಿಕೊಂಡು, ಅಮ್ಮನಿಗೆ ತೋರಿಸಲು ನದಿಯ ಮೆಟ್ಟಿಲುಗಳನ್ನು ನೇರವಾಗಿ, ದಡದಡನೆ ಇಳಿದು ಓಡಿದಳು. ಪಾತ್ರೆ ತೊಳೆಯುತ್ತಿದ್ದ ತುಂಗಮ್ಮ, ಜಾರೀಯೆ ಎಂದು ಗದರಿದಳು.

ಗುರುಗಳು ಆ ಕಡೆ ನೋಡಲಿಲ್ಲ. ಎಷ್ಟು ಜೊತೆ ಬೇಡ ಎಂದಳು ಎಂದು ವಿಶ್ವಂಭರನನ್ನು ಕೇಳಿದರು.

"ನಾಲ್ಕು, ಗುರುಗಳೇ. ಕೊನೆಯದಕ್ಕೆ ಕಾರಣವನ್ನೂ ಕೊಟ್ಟಳು. ಅಂಗಡಿಯವನ ಕೂಡ ವಾದಕ್ಕೇ ನಿಂತಳು."

"ಹಾಗಾದರೆ ಅವಳನ್ನು ಶಾಲೆಗೆ ಕಳಿಸಬಹುದು," ಎಂದರು ಗುರುಗಳು.