ಕೆಂಡ ಹೊತ್ಕೊಂಡು ಹೋದ ಪುಟ್ಟೀರಿ

ಬಾ ಚಿನ್ನಾ, ನನ್ನ ಮಗ್ಗುಲಿಗೆ ಮಲಕ್ಕೊ. ಕಾಲು ಕಂಬಳಿಯೊಳಗೆ ಎಳ್ಕೊ. ಹಂಗೆ.

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದು ಕಾಡಂಚಲ್ಲಿ ಇದ್ದಿಲು ಸುಡೋನೊಬ್ಬ ಇದ್ನಂತೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಕೆಂಚವ್ವ, ನಡುವಿನೋಳು ಮಾಳವ್ವ, ಕೊನೆಯೋಳು ಪುಟ್ಟೀರಿ. ಪುಟ್ಟೀರಿ ಹುಟ್ಟಿದ ಬಾಣಂತನದಲ್ಲೇ ಅವ್ವ ತೀರ್ಕೊಂಡ್ಳಂತೆ. ಹಂಗಾಗಿ ಆ ಕೂಸಿಗೆ ಅವ್ವ ಅಂದ್ರೂ ಕೆಂಚವ್ವನೇ, ಅಕ್ಕ ಅಂದ್ರೂ ಕೆಂಚವ್ವನೇ. ಸೊಂಟದ ಮೇಲೆ ಕೂರಿಸ್ಕೊಂಡೇ ಸೌದೆ ಒಟ್ಟೋಳಂತೆ, ಮಸಿಗೈಯಲ್ಲೇ ತಲೆ ಬಾಚೋಳಂತೆ, ಪುಟ್ಟೀರಿ ಬೈತಲೆ ಉದ್ದಕ್ಕೂ ಯಾವಾಗ್ಲೂ ಒಂದು ಕರೀ ಗೆರೆ.

ಆಮೇಲೆ ಮದುವೆ ವಯಸ್ಸು ಬಂತು. ಆ ಕಾಲದಲ್ಲಿ ಬೆಂಕಿ ಹಚ್ಚೋದು ಈಗಿನಂಗೆ ಕಡ್ಡಿ ಗೀರಿದಷ್ಟು ಸುಲಭ ಅಲ್ಲ ಮಗಾ. ಬೆಂಕಿ ಕೆಲಸ ಮಾಡೋ ಒಂದೊಂದು ಊರಲ್ಲೂ ತಾತ ಮುತ್ತಾತನ ಕಾಲದಿಂದ ಆರದೇ ಬಂದ ಒಂದೊಂದು ಬೆಂಕಿ ಇರ್ತಿತ್ತು. ಅದನ್ನ ಕಾಯೋಕೆ ಒಂದು ಮನೆ, ಆ ಮನೆ ಸೊಸೆಗೇ ಆ ಕೆಲಸ. ಇದ್ದಿಲು ಸುಡೋನ ಮಕ್ಕಳಿಗೆ ಬೆಂಕಿ ಕಾಯೋದು ಹುಟ್ಟಿನಿಂದ ಗೊತ್ತು ನೋಡು, ಹುಡುಕ್ಕೊಂಡು ಬಂದು ಹೆಣ್ಣು ಕೇಳಿದ್ರಂತೆ. ಕೆಂಚವ್ವನ್ನ ಬಳೆಗುಂದಿಗೆ ಕೊಟ್ರು, ಗಾಜು ಕರಗಿಸಿ ಬಳೆ ಮಾಡೋರ ಊರು ಅದು. ಮಾಳವ್ವನ್ನ ಆವಿಗೆಹಟ್ಟಿಗೆ, ಕುಂಬಾರರ ಮನೆಗೆ. ಪುಟ್ಟೀರಿನ ಕುಲುಮೆಕೊಪ್ಪಲಿಗೆ, ಕಮ್ಮಾರರ ಮನೆಗೆ. ಒಳ್ಳೇ ಮನೆಗಳೇ, ಉಣ್ಣೋಕೆ ಉಡೋಕೆ ಏನೂ ಕಮ್ಮಿ ಇಲ್ಲ. ಆದ್ರೆ ಒಂದು ಕಟ್ಟು. ಬೆಂಕಿ ಕಾಯೋ ಸೊಸೆ ಬೆಂಕಿ ಬಿಟ್ಟು ಊರಗಡಿ ದಾಟಬಾರದು.

ಅಪ್ಪ ಸತ್ತಾಗ್ಲೂ ಮೂವರಿಗೂ ಸುದ್ದಿ ಮುಟ್ಟಿದ್ದು ತಿಥಿ ಮುಗಿದ ಮೇಲಂತೆ. ತವರು ಅನ್ನೋದೇ ಇಲ್ಲ ಅಂದ್ಮೇಲೆ ಹೆಣ್ಣುಮಕ್ಕಳು ಎಲ್ಲಿ ಅಂತ ಸೇರ್ತಾರೆ? ಒಬ್ಬರ ಮುಖ ಒಬ್ಬರು ನೋಡದೇ ವರ್ಷಗಳು ಉರುಳಿ ಹೋದ್ವು. ಪುಟ್ಟೀರಿಗೆ ಮೂಡಲ ಕಡೆಯಿಂದ ಗಾಳಿ ಬೀಸಿದ್ರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ಮೂಸೋಳಂತೆ, ಬಳೆಗುಂದಿ ಹೊಗೆ ವಾಸನೆ ಬರ್ತದೇನೋ ಅಂತ. ಗಂಡ ಭೈರ ನೋಡಿ, ಏನೇ ಅದು ನಾಯಿ ಥರ, ಅಂತ ನಗೋನಂತೆ. ಅವಳೂ ನಗೋಳು. ಆಮೇಲೆ ಒಳಗೆ ಹೋಗಿ ಕೆಂಡದ ಮುಂದೆ ಕೂತು ಕಣ್ಣೊರೆಸ್ಕೊಂಡು, ಹೊಗೆ ಹೊಗೆ ಅನ್ನೋಳು.

ಒಂದು ದಿನ ಉಪ್ಪು ಮಾರೋ ತಾಯಮ್ಮ ಬಂದ್ಳು. ಊರೂರು ತಿರುಗೋಳು ಅವಳು. ಉಪ್ಪು ಅಳೀತಾ ಅಳೀತಾ ಅಂದ್ಳಂತೆ, ನಿಮ್ಮಕ್ಕನ ಕಣ್ಣು ಮಬ್ಬಾಗ್ತಾ ಇದೆ ಕಣವ್ವ. ಗಾಜಿನ ಒಲೆ ಬೆಳಕು ನೋಡೀ ನೋಡೀ ಹಿಂಗಾಯ್ತು ಅಂತಾರೆ. ಹಗಲಲ್ಲೂ ಮೋಡ ಕವಿದಂಗೆ, ಜನ ಎಲ್ಲ ಬರೀ ನೆರಳು. ಒಲೆ ಬಾಯಿ ತೆರೆದಾಗ ಅದರ ಮುಂದೆ ಯಾರಾದ್ರೂ ನಿಂತ್ರೆ ಒಂಚೂರು ಕಾಣ್ತದಂತೆ. ಪೂರಾ ಹೋಗೋಕೆ ಮುಂಚೆ ನನ್ನ ತಂಗೀರನ್ನ ಒಂದ್ಸಲ ನೋಡ್ಬೇಕು ತಾಯಮ್ಮಾ, ನನ್ ಪುಟ್ಟೀರಿ ಎಷ್ಟುದ್ದ ಬೆಳೆದವಳೆ ಅಂತ ನನ್ನೇ ಕೇಳ್ತಾಳೆ. ಇಷ್ಟುದ್ದ ಅಂತ ಕೈಯೆತ್ತಿ ತೋರಿಸ್ದೆ. ಆಮೇಲೆ ನೆಪ್ಪಾಯ್ತು, ಅವಳಿಗೆ ನನ್ನ ಕೈ ಎಲ್ಲಿ ಕಾಣ್ಬೇಕು?

ಪುಟ್ಟೀರಿ ಆವತ್ತು ಊಟ ಮಾಡಲಿಲ್ಲ. ಅತ್ತೆ ಸಾಕವ್ವನ ಹತ್ರ ಹೋಗಿ ಕೇಳಿದ್ಳು, ಅತ್ತೆ, ಒಂದೇ ಒಂದು ಸಲ ಹೋಗಿ ಬರ್ತೀನಿ. ಸಾಕವ್ವ ಕೆಟ್ಟೋಳಲ್ಲ, ಆದ್ರೆ ಕಟ್ಟು ಮೀರಿದೋಳಲ್ಲ. ನಾನು ಈ ಮನೆಗೆ ಬಂದ ಮೇಲೆ ಎಲ್ಲಿಗೆ ಹೋಗಿದೀನಿ ಹೇಳು, ಬೆಂಕಿ ಯಾರು ಕಾಯ್ತಾರೆ ಅಂದ್ಳು. ಭೈರ ಅಡ್ಡ ಬಂದು, ನಾನು ಕಾಯ್ತೀನಿ, ಹೋಗ್ಲಿ ಬಿಡವ್ವ ಅಂದ. ಪುಟ್ಟೀರಿ ಬುತ್ತಿ ಕಟ್ಕೊಂಡು ಹೊರಟ್ಳು. ಊರ ಗಡೀ ಮರ ಇನ್ನೂ ದಾಟಿಲ್ಲ, ಹಿಂದಿನಿಂದ ಕೂಗು! ಭೈರ ಒಂದು ನೇಗಿಲಗುಳ ಬಡಿಯೋದ್ರಲ್ಲಿ ಮುಳುಗಿ ಲೋಕ ಮರೆತಿದ್ನಂತೆ. ಕೆಂಡ ಎಲ್ಲ ಬೂದಿ ಬಡಿದು ಬೆಳ್ಳಗಾಗಿತ್ತು. ಓಡಿ ಬಂದು ಬಾಗಿ ಊದಿ ಊದಿ, ಕೊನೇಗೆ ಸಾಸಿವೆ ಕಾಳಷ್ಟು ಕೆಂಪು ಸಿಕ್ತು. ಆ ಬುತ್ತಿ ಹಂಗೇ ಹಳಸ್ತು.

ಇನ್ನೊಂದು ಸಲ ಯಾರಿಗೂ ಹೇಳದೇ, ಕೆಂಡದ ಮೇಲೆ ದಪ್ಪಗೆ ಬೂದಿ ಮುಚ್ಚಿ, ಹೊಟ್ಟು ಸುರಿದು, ಕೋಳಿ ಕೂಗೋ ಹೊತ್ತಿಗೆ ಹೊರಟ್ಳಂತೆ. ಈ ಸಲ ಯಾರೂ ಕೂಗಲಿಲ್ಲ. ಹಳ್ಳದವರೆಗೂ ಹೋದ್ಳು. ನೀರಿಗೆ ಕಾಲಿಟ್ಳು, ಆಗ ಅನ್ನಿಸ್ತು, ಹೊಟ್ಟು ಇಷ್ಟು ಹೊತ್ತಿಗೆ ಉರಿದು ಹೋಗಿರ್ತದೇನೋ, ಒಂದೂರ ಅನ್ನ ನನ್ನ ಕೈಯಲ್ಲಿದೆ. ಮುಂದಕ್ಕೆ ಹೋಗೋಕೆ ಮನಸ್ಸು ಹೆದರ್ತದೆ, ಹಿಂದಕ್ಕೆ ಹೋಗೋಕೆ ಕಾಲು ಬರ್ತಿಲ್ಲ. ಹಳ್ಳದ ಮಧ್ಯೆ ಒಂದು ಬಂಡೆ ಮೇಲೆ ಕೂತು, ಆಚೆ ದಡ ನೋಡ್ತಾ ನೋಡ್ತಾ ಸಾಕಾಗೋವರೆಗೂ ಅತ್ತು, ತಾನಾಗೇ ವಾಪಸ್ಸು ಬಂದ್ಳಂತೆ. ಬೆಂಕಿ ಚೆನ್ನಾಗೇ ಇತ್ತು. ಅದು ನೋಡಿ ಇನ್ನೂ ಅಳು ಬಂತು.

ನಿದ್ದೆ ಬಂತೇನೋ? ಇಲ್ವಾ? ಸರಿ ಕೇಳು.

ಉಪ್ಪಿನ ತಾಯಮ್ಮ ತಿರುಗಿ ಬಂದ್ಳು. ಈ ಸಲ ಮಾತು ಕಮ್ಮಿ. ನಿಮ್ಮಕ್ಕ ನನ್ನ ಗುರುತು ಹಿಡೀಲಿಲ್ಲ ಕಣವ್ವ, ಕೂಗು ಕೇಳಿ ಉಪ್ಪಿನೋಳು ಅಂತ ತಿಳ್ಕೊಂಡ್ಳು ಅಂತ ಅಷ್ಟೇ ಹೇಳಿ ಬುಟ್ಟಿ ಎತ್ಕೊಂಡು ಹೋದ್ಳು.

ಮಾರನೇ ಬೆಳಿಗ್ಗೆ ಪುಟ್ಟೀರಿ ಬೂದಿ ತೆಗೀತಾ ಕೂತಿದ್ದಾಗ ತಲೆಗೆ ಹೊಳೀತಂತೆ. ಬೆಂಕಿ ಬಿಟ್ಟು ಹೋಗಬಾರದು ಅಂದಿದಾರೆ, ಸರಿ. ಬೆಂಕಿ ಕರ್ಕೊಂಡು ಹೋಗಬಾರದು ಅಂತ ಯಾರಂದಿದಾರೆ? ತಕ್ಷಣ ಎದ್ದು, ಒಂದು ಕಂಠ ಒಡೆದ ಗಡಿಗೆ ತಗೊಂಡು, ತಳಕ್ಕೆ ಬೂದಿ ಹಾಸಿ, ಇದ್ದಬದ್ದ ಕೆಂಡ ಎಲ್ಲ ತುಂಬ್ಕೊಂಡ್ಳು. ಅರ್ಧ ಬಿಟ್ಟು ಹೋಗಬಹುದಿತ್ತಲ್ಲಾ ಅಂತೀಯಾ? ಬಿಟ್ಟಿದ್ದನ್ನ ಕಾಯೋರು ಯಾರು? ಅದು ಆರಿಹೋಗಿದ್ರೆ ಅದೂ ಅವಳ ತಲೆಗೇ. ಒದ್ದೆ ಬಟ್ಟೆ ಸಿಂಬೆ ಮಾಡಿ ತಲೆಗಿಟ್ಟು, ಅದರ ಮೇಲೆ ಗಡಿಗೆ ಹೊತ್ತು, ಮಡಿಲಲ್ಲಿ ತೆಂಗಿನ ಕರಟ ತುಂಬ್ಕೊಂಡು, ನಡೆದೇಬಿಟ್ಳಂತೆ. ಹಳ್ಳ ದಾಟುವಾಗ ಈ ಸಲ ಕೂರಲಿಲ್ಲ.

ದಾರಿಯಲ್ಲಿ ಆವಿಗೆಹಟ್ಟಿ. ಮಾಳವ್ವ ಹೊರಗೆ ಬಂದು ನೋಡ್ತಾಳೆ, ತಲೆ ಮೇಲೆ ಹೊಗೆ ಆಡೋ ಗಡಿಗೆ ಹೊತ್ತು ಯಾವಳೋ ನಿಂತವಳೆ. ಯಾರವ್ವಾ ನೀನು ಅಂದ್ಳು. ಅಕ್ಕಾ, ನಾನು ಕಣೇ ಅಂದಿದ್ದೇ ತಡ, ಇಬ್ರೂ ಬೀದೀಲೇ ಹಿಡ್ಕೊಂಡು ಅತ್ರು, ಗಡಿಗೆ ಬೀಳ್ತಿತ್ತು, ಮಾಳವ್ವ ಒಂದು ಕೈಯಲ್ಲಿ ಗಡಿಗೆ ಹಿಡಿದು ಇನ್ನೊಂದು ಕೈಯಲ್ಲಿ ತಂಗಿನ ಹಿಡಿದಿದ್ಳಂತೆ. ಅವಳ ಮನೇಲಿ ಗಂಡಸರೆಲ್ಲ ಮಣ್ಣು ತರೋಕೆ ಕೆರೆಗೆ ಹೋಗಿದ್ರು. ಮಾಳವ್ವ ಒಲೆ ಕಡೆ ನೋಡಿದ್ಳು, ದಾರಿ ಕಡೆ ನೋಡಿದ್ಳು. ನೀನು ನನಗಿಂತ ಚಿಕ್ಕೋಳು, ನೀನೇ ಇಷ್ಟು ಮಾಡಿದ್ಮೇಲೆ ನಾನೇನು ಕಲ್ಲಾ ಅಂತ ಒಂದು ಮಡಕೆ ತಗೊಂಡು ತನ್ನ ಬೆಂಕೀನೂ ತುಂಬ್ಕೊಂಡ್ಳು.

ಇಬ್ರೂ ನಡೆದ್ರು. ನಡುವೆ ತುಂತುರು ಮಳೆ ಹಿಡೀತು. ಸೆರಗು ಬಿಚ್ಚಿ ಗಡಿಗೆ ಮೇಲೆ ಹಿಡಿದ್ರು, ತಾವು ನೆನೆದ್ರು, ಸೆರಗು ಚುರುಚುರು ಸುಟ್ಟು ತೂತು ಬಿತ್ತು. ಬೆಂಕಿ ನೆನೀಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಬಳೆಗುಂದಿ ಸಿಕ್ತು. ಕೆಂಚವ್ವ ಗಾಜಿನ ಒಲೆ ಪಕ್ಕ ಕೂತು, ಬೆರಳಲ್ಲೇ ತಡವಿ ತಡವಿ ಬಳೆ ಜೋಡಿಸ್ತಾ ಇದ್ಳಂತೆ. ಇಬ್ರೂ ಹೋಗಿ ಕಾಲ ಹತ್ರ ಕೂತ್ರು. ಕೆಂಚವ್ವ ಕೈ ಚಾಚಿದ್ಳು, ಒಬ್ಬಳ ಕೆನ್ನೆ, ಒಬ್ಬಳ ಹಣೆ, ಬೈತಲೆ, ಕಿವಿ. ಬಂದ್ರೇನ್ರೇ, ಅಂದ್ಳು. ಆಮೇಲೆ ಒಲೆ ಬಾಯಿ ತೆಗೆಸಿ, ಬೆಳಕಿಗೆ ಬನ್ನಿ ಬೆಳಕಿಗೆ ಬನ್ನಿ ಅಂತ ಇಬ್ಬರನ್ನೂ ಎಳೆದು ನಿಲ್ಲಿಸಿ ನೋಡ್ತಾಳೆ, ನೋಡ್ತಾಳೆ, ಕಾಣೋದಿಲ್ಲ. ಬರೀ ನೆರಳು. ಒಲೆ ಬೆಳಕು ಆ ಕಣ್ಣಿಗೆ ಸಾಲದಂಗಾಗಿತ್ತು. ಕೈಗೆ ಸಿಕ್ಕಿದ್ರಿ, ಕಣ್ಣಿಗೆ ಸಿಗಲಿಲ್ವಲ್ರೇ, ತಡ ಮಾಡ್ಬಿಟ್ರಲ್ರೇ ಅಂತ ಕೆಂಚವ್ವ ಸೆರಗು ಬಾಯಿಗೆ ಒತ್ಕೊಂಡ್ಳಂತೆ.

ಅಷ್ಟರಲ್ಲಿ ಹೊರಗೆ ಗಲಾಟೆ. ಕುಲುಮೆಕೊಪ್ಪಲಿನೋರೆಲ್ಲ ಬೆಂಕಿ ಹುಡುಕ್ಕೊಂಡು ಬಂದಿದಾರೆ! ಸಿಕ್ಕಿದ ಜಾಗದಲ್ಲೇ ಊದಿ ಉಳಿಸ್ಕೋಬೇಕಲ್ಲ, ಅದಕ್ಕೆ ಗಾಳಿ ಊದೋ ದೊಡ್ಡ ತಿದಿಗಳನ್ನೇ ಹೊತ್ತು ತಂದಿದಾರೆ. ಅವರ ಹಿಂದೇನೇ ಆವಿಗೆಹಟ್ಟಿ ಕುಂಬಾರರು, ಮಣ್ಣು ಹೇರಿದ ಕತ್ತೆಗಳ ಸಮೇತ. ಎಲ್ಲರ ಮುಂದೆ ಅತ್ತೆ ಸಾಕವ್ವ, ಏದುಸಿರು ಬಿಡ್ತಾ, ಎಲ್ಲಿ ಅವಳು, ಮನೆ ಹಾಳು ಮಾಡಿದೋಳು ಎಲ್ಲಿ, ಅಂತ ಒಳಗೆ ನುಗ್ಗಿದೋಳು ಬಾಗಿಲಲ್ಲೇ ನಿಂತುಬಿಟ್ಳಂತೆ. ಒಳಗೆ ಒಬ್ಬ ಹೆಂಗಸು ಒಲೆ ಮುಂದೆ ತಂಗೀರ ಮುಖ ಎರಡು ಕೈಯಲ್ಲಿ ಹಿಡಿದು, ಕಣ್ಣರಳಿಸಿ, ಕಾಣದೇ ಅಳ್ತಾ ಇದಾಳೆ.

ಹಿಂದಿದ್ದೋರು, ಏನಾಯ್ತು ಏನಾಯ್ತು ಅಂತ ಕೂಗ್ತಿದ್ರು. ಸಾಕವ್ವ ಪುಟ್ಟೀರಿ ಹತ್ರ ಬಂದು ಮೆಲ್ಲಗೆ ಅಂದ್ಳಂತೆ, ನಂಗೂ ಒಬ್ಳು ತಂಗಿ ಇದ್ಳು ಕಣೇ. ಅವಳ ಮುಖ ಹೆಂಗಿತ್ತು ಅನ್ನೋದೇ ಮರೆತುಹೋಗಿದೆ. ಅಷ್ಟು ಹೇಳಿ ತಿರುಗಿ ನಿಂತು, ಒಂದೇ ಸಲ ಅರಚಿದ್ಳು, ಏನ್ರೋ ಸುಮ್ನೆ ನಿಂತಿದೀರಾ, ಇವಳ ಕಣ್ಣಿಗೆ ಈ ಬೆಳಕು ಸಾಲದು, ತಿದಿ ಹೂಡ್ರೋ!

ಆಮೇಲೆ ನೋಡು ಮಗಾ. ಬಯಲಲ್ಲಿ ಕಮ್ಮಾರರ ಬೆಂಕಿ ಒಂದು ಕಡೆ ಹೂಡಿದ್ರು, ಕುಂಬಾರರು ಸೌದೆ ಒಟ್ಟಿ ತಮ್ಮ ಬೆಂಕಿ ಇಟ್ರು, ಬಳೆಗಾರರು ತಮ್ಮ ಒಲೆಯಿಂದ ತಂದು ಇನ್ನೊಂದು ಹಚ್ಚಿದ್ರು. ಮೊದಲ ತಿದಿಗೆ ಕೈ ಹಾಕಿದ್ದು ಸಾಕವ್ವನೇ. ಭೈರ ಇನ್ನೊಂದಕ್ಕೆ. ಬುಸ್ ಬುಸ್ ಅಂತ ಊದ್ತಾ ಊದ್ತಾ ಬೆಂಕಿ ಕೆಂಪಿದ್ದದ್ದು ಹಳದಿ ಆಯ್ತು, ಹಳದಿ ಬೆಳ್ಳಗಾಯ್ತು, ಮೂರೂ ಕೂಡಿ ಹಗಲಿಗಿಂತ ಹಗಲಾಯ್ತು. ನಡುವೆ ಮೂವರು ಅಕ್ಕತಂಗೀರು. ಬೆವರು ಸುರೀತದೆ, ಯಾರೂ ಹಿಂದಕ್ಕೆ ಸರಿಯೋದಿಲ್ಲ.

ಕೆಂಚವ್ವ ಕಣ್ಣು ಕಿರಿದು ಮಾಡಿದ್ಳು. ಮುಂದಕ್ಕೆ ಬಾಗಿದ್ಳು. ಆಮೇಲೆ ಏನಂದ್ಳು ಗೊತ್ತಾ? ಏನೇ ಇದು ಹಿಂಗೆ ಸೊರಗಿದೀಯ, ಉಣ್ಣೋದಿಲ್ವೇನೆ ಅಂದ್ಳಂತೆ! ಪುಟ್ಟೀರಿಗೆ ನಗು, ಅಳು ಎರಡೂ ಒಟ್ಟಿಗೆ. ಅಯ್ಯೋ ಮಾಳೀ, ನಿಂಗೆ ಆಗ್ಲೇ ನರೆ ಬಂತೇನೆ ಅಂತ ಈ ಕಡೆ ತಿರುಗಿದ್ಳು. ರೆಪ್ಪೆ ಬಡೀದೇ ಒಂದ್ಸಲ ಇವಳನ್ನ, ಒಂದ್ಸಲ ಅವಳನ್ನ ನೋಡಿದ್ದೇ ನೋಡಿದ್ದು. ತಿದಿ ಒತ್ತೋರ ಕೈ ಸೋತ್ರೆ ಬೇರೆಯೋರು ಬಂದು ಹಿಡ್ಕೊಂಡ್ರಂತೆ, ಕೆಂಚವ್ವ ಸಾಕು ಅನ್ನೋವರೆಗೂ ಯಾರೂ ನಿಲ್ಲಿಸಲಿಲ್ಲ.

ಅಷ್ಟು ಒಳ್ಳೇ ಬೆಂಕಿ ಸುಮ್ನೆ ಯಾಕೆ ಆರಲಿ ಅಂತ ಭೈರ ಕಬ್ಬಿಣ ಕಾಯಿಸಿ ಬಡಿಯೋಕೆ ಶುರುಮಾಡಿದ. ಕತ್ತೆ ಮೇಲೆ ಮಣ್ಣಿತ್ತಲ್ಲ, ಕುಂಬಾರರು ಇಳಿಸಿ ಹಣತೆ ತಟ್ಟಿದ್ರು. ಬಳೆಗಾರರು ಗಾಜು ಕರಗಿಸಿ ದಾರದಂಗೆ ಎಳೆದು ಬಂದ ಹೆಂಗಸರಿಗೆಲ್ಲ ಬಳೆ ಸುತ್ತಿ ಕೊಟ್ರು. ಕಮ್ಮಾರರು ಅದನ್ನ ನೋಡೇ ಇರಲಿಲ್ಲ, ಬಾಯಿ ಬಿಟ್ಕೊಂಡು ನೋಡಿದ್ರಂತೆ. ಹೊರಡೋ ಹೊತ್ತಿಗೆ ಸಾಕವ್ವ ಆ ಗಡಿಗೇಲಿ ಬೆಂಕಿ ತುಂಬಿ ತನ್ನ ತಲೆ ಮೇಲೇ ಇಟ್ಕೊಂಡ್ಳು. ಪುಟ್ಟೀರಿ ಎದ್ರೆ, ನೀ ಕೂತ್ಕೊ, ನಿಮ್ಮಕ್ಕನ ಜೊತೆ ಬೇಕಾದಷ್ಟು ದಿನ ಇದ್ದು ಬಾ, ಬೆಂಕಿ ಕಾಯೋದು ನಂಗೆ ಹೊಸದಾ ಅಂದ್ಳು. ಮಾಳವ್ವನ ಮನೆಯೋರೂ ಹಂಗೇ ಒಪ್ಪಿದ್ರು.

ಅವತ್ತಿಂದ ವರ್ಷವರ್ಷವೂ ಸುಗ್ಗಿ ಮುಗಿದ ಮೇಲೆ ಅವರವರ ಬೆಂಕಿ ಹೊತ್ಕೊಂಡು ಎಲ್ಲರೂ ಆ ಬಯಲಿಗೆ ಬರೋದು ರೂಢಿ ಆಯ್ತಂತೆ. ಬರ್ತಾ ಬರ್ತಾ ಗಂಟೆ ಎರಕ ಹೊಯ್ಯೋರು, ಸುಣ್ಣ ಸುಡೋರು, ಅಕ್ಕಸಾಲಿಗರು ಎಲ್ಲ ಬಂದು ಸೇರ್ಕೊಂಡ್ರು. ಬೆಂಕಿ ಹಬ್ಬ ಅಂತ ಹೆಸರಾಯ್ತು. ಬೇರೆ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳೆಲ್ಲ ಅಲ್ಲೇ ಸಿಕ್ಕೋರಂತೆ.

ಕೆಂಚವ್ವನ ಕಣ್ಣು ಆಮೇಲೆ ಪೂರಾನೇ ಹೋಯ್ತು. ಆದ್ರೂ ಹಬ್ಬಕ್ಕೆ ತಪ್ಪಿಸ್ತಿರಲಿಲ್ಲ, ತಂಗೀರ ನಡುವೆ ಕೂರೋಳು. ಅಕ್ಕಾ, ಗಂಟೆ ಎರಕ ಹೊಯ್ತಿದಾರೆ, ಜೇನು ಸುರಿದಂಗದೆ, ಅಂತ ಪುಟ್ಟೀರಿ ಒಂದೊಂದೇ ಬಿಡಿಸಿ ಹೇಳೋಳು. ಮಾಳವ್ವ ಅದಕ್ಕೆ ಅಡ್ಡ ಮಾತಾಡೋಳು, ಜೇನಲ್ಲ ಕಣೇ ಬೆಲ್ಲದ ಪಾಕ ಅಂತ. ಇಬ್ರಿಗೂ ಜಗಳ ಹತ್ಕೊಳ್ಳೋದು. ಸಾಕೇನಕ್ಕಾ, ನಿಲ್ಲಿಸ್ಬೇಕಾ ಅಂತ ಕೇಳಿದ್ರೆ, ಕೆಂಚವ್ವ ಇಬ್ಬರ ಕೈಯೂ ಬಿಗಿಯಾಗಿ ಹಿಡ್ಕೊಂಡು, ಬೇಡ ಬೇಡ, ಜಗಳಾನೇ ಆಡ್ರೇ, ಏನಾದ್ರೂ ಸರಿ, ಮಾತಾಡ್ತಾ ಇರಿ ಅನ್ನೋಳಂತೆ.

ಅಷ್ಟೇ ಮಗಾ, ಅವರ ಕತೆ ಅವರ ಬಯಲಲ್ಲೇ ಸುಖವಾಗಿ ಕೂತ್ಕೊಂತು. ನೀನಿನ್ನು ಆ ಮಗ್ಗುಲಿಗೆ ತಿರುಗಿ ಮಲಕ್ಕೊ.